ಮೂವತ್ತೆಂಟನೆಯ ನೀಲಿ

ಆ ಸಿದ್ಧ ಉಡುಪಿನ ಕಂಪನಿಯಲ್ಲಿ ಅವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಕೋಣೆ, ಅದೇ ಕಿಟಕಿ. ಬದಲಾದದ್ದು ಮೇಜಿನ ಮೇಲಿನ ಸಾಮಾನು ಮಾತ್ರ. ಮೊದಲು ಬಟ್ಟೆಯ ಚೂರುಗಳನ್ನು ರಟ್ಟಿಗೆ ಅಂಟಿಸಿ ಸಂಖ್ಯೆ ಬರೆಯುತ್ತಿದ್ದಳು. ಕಂಪ್ಯೂಟರು ಬಂದ ಮೇಲೆ ಆ ಚೂರುಗಳೇ ಪರದೆಯ ಅಂಚಿನಲ್ಲಿ ಪುಟ್ಟ ಚೌಕಗಳಾಗಿ ಕುಳಿತವು.

ಡಿಸೈನರುಗಳು ಕಂಡಕಂಡ ಫೋಟೋಗಳಿಂದ ಬಣ್ಣ ಹೀರಿ ಪಟ್ಟಿಗೆ ತುಂಬುತ್ತಾರೆ. ಒಂದೇ ಕೆಂಪು, ಕೂದಲೆಳೆಯಷ್ಟು ಅಂತರದಲ್ಲಿ, ಐದು ಕಡೆ ಕುಳಿತಿರುತ್ತದೆ. ನೂರೈವತ್ತು ಚೌಕಗಳನ್ನು ಅರವತ್ತಕ್ಕಿಳಿಸುವುದು, ಅವಳಿಗಳಲ್ಲಿ ಒಂದನ್ನು ಅಳಿಸಿ ಅದು ಬಳಕೆಯಾದ ಉಡುಪಿನ ಚಿತ್ರಗಳಲ್ಲೆಲ್ಲ ಉಳಿದದ್ದನ್ನು ತುಂಬುವುದು, ಕೊನೆಗೆ ಪ್ರತಿಯೊಂದಕ್ಕೂ ಹೆಸರು, ಸಂಖ್ಯೆ ಕೊಡುವುದು ಅವಳ ಕೆಲಸ. ಆ ಪಟ್ಟಿಯನ್ನು ನೋಡಿಯೇ, ಹೊರಗೆ ಗುತ್ತಿಗೆಗೆ ಕೊಟ್ಟ ಬಣ್ಣದ ಶೆಡ್ಡಿನಲ್ಲಿ ಬಟ್ಟೆಯನ್ನು ಬಣ್ಣಕ್ಕೆ ಅದ್ದುತ್ತಿದ್ದರು. ನಾಲ್ಕು ದಿನಗಳಲ್ಲಿ ಮುಗಿಯುತ್ತಿದ್ದ ಅವಳ ಪಟ್ಟಿಯ ಕೆಲಸ ಈ ಸಲ ಹನ್ನೊಂದು ದಿನ ತಿಂದಿತ್ತು. ಗಳಿಗೆಗೊಮ್ಮೆ ಕಣ್ಣು ಮುಚ್ಚಿ, ಅಂಗೈಯಿಂದ ಒತ್ತಿ, ಮತ್ತೆ ಬಗ್ಗಿ ಕೂರುತ್ತಿದ್ದಳು. ದಣಿವು ಎಂದುಕೊಂಡಳು. ದಣಿವು ಅವಳಿಗೆ ಹೊಸದೇನಲ್ಲ.

ಮಾದರಿ ಕೋಟು ಹೊಲಿಗೆಯಾಗಿ ಬಂದ ದಿನ ಡಿಸೈನರು ಎರಡು ವಾರದ ರಜೆ ಮುಗಿಸಿ ಆಗಷ್ಟೇ ಬಂದಿದ್ದಳು. ಕೋಟನ್ನು ಕಿಟಕಿಗೆ ಹಿಡಿದು ನಿಂತುಬಿಟ್ಟಳು.

"ಅಕ್ಕ, ಮೈ ಒಂದು ನೀಲಿ, ಕಾಲರ್ ಒಂದು ನೀಲಿ ಕೊಟ್ಟಿದ್ದೆ. ಇಲ್ಲಿ ಕಾಲರ್ ಇದೆಯೋ ಇಲ್ವೋ ಅಂತ ಹುಡುಕಬೇಕು!"

ಮ್ಯಾನೇಜರು ಶೆಡ್ಡಿನವನನ್ನು ಕರೆಸಿದರು. ಶೆಡ್ಡಿನವನೆಂದರೆ ಬಣ್ಣದಕ್ಕನ ಗಂಡನ ತಮ್ಮ. ಮೊಣಕೈವರೆಗೆ ನೀಲಿ ಹತ್ತಿದ ಕೈಗಳನ್ನು ಹಿಂದೆ ಕಟ್ಟಿಕೊಂಡು ಬಂದು ನಿಂತ.

"ಅತ್ತಿಗೆ, ನಿಮ್ಮ ಪೆಟ್ಟಿಗೆ ಏನು ಹೇಳ್ತೋ ಅದನ್ನೇ ಅದ್ದಿದೀನಿ. ನಾನೇನು ಸ್ವಂತ ಬುದ್ಧಿ ಓಡಿಸೋನಾ? ಅದು ಇದ್ದಿದ್ರೆ ಈ ಕೆಲಸಕ್ಕೆ ಬರ್ತಿದ್ನಾ?"

"ಹಲ್ಲು ಕಿರೀಬೇಡ," ಎಂದಳು ಬಣ್ಣದಕ್ಕ.

"ನೀವೇ ಹೇಳಿ," ಎಂದರು ಮ್ಯಾನೇಜರು. "ನೆಂಟರು ಅಂತ ಮುಖ ನೋಡಬೇಡಿ. ತಪ್ಪು ಇವರದಾದ್ರೆ ನಾಳೆಯಿಂದ ಬಟ್ಟೆ ಬೇರೆ ಶೆಡ್ಡಿಗೆ ಹೋಗುತ್ತೆ."

ಮುಖ ನೋಡಿದಳೆಂಬ ಮಾತನ್ನು ಅವಳು ಯಾರ ಬಾಯಲ್ಲೂ ಬರಗೊಟ್ಟವಳಲ್ಲ. "ತಪ್ಪು ಅವನದೇ," ಎಂದುಬಿಟ್ಟಳು.

ಮೈದುನ ತಿರುಗಿ ಹೊರಟುಹೋದ. ಶೆಡ್ಡಿನ ಏಳು ಜನರ ಒಲೆ ಉರಿಯುವುದು ಈ ಕಂಪನಿಯ ಬಟ್ಟೆಯಿಂದಲೇ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಊಟದ ಬಿಡುವಿನಲ್ಲಿ, ಅವನ ತಪ್ಪಿಗೆ ಸಾಕ್ಷಿ ತೆಗೆದಿಡಲೆಂದು ಪಟ್ಟಿಯನ್ನು ತೆರೆದಳು. ಮೂವತ್ತೇಳನೆಯದು ನೀಲಿ, ಅದರ ಮುಂದಿನದು ಬೂದಿ. ಎರಡನೆಯ ನೀಲಿಯೇ ಇರಲಿಲ್ಲ. ಕೆಲಸ ಶುರುಮಾಡುವ ಮುನ್ನ ತೆಗೆದಿಟ್ಟಿದ್ದ ಹಳೆಯ ಪ್ರತಿಯನ್ನು ಪಕ್ಕದಲ್ಲಿ ಹರಡಿದಳು. ಅಲ್ಲಿ ಆ ನೀಲಿಯ ಮಗ್ಗುಲಲ್ಲೇ, ಮೂವತ್ತೆಂಟನೆಯದಾಗಬೇಕಿದ್ದ ಎರಡನೆಯ ನೀಲಿಯಿತ್ತು. ನೋಡಿದಳು. ಕನ್ನಡಕ ಒರೆಸಿ ನೋಡಿದಳು. ಎರಡೂ ಒಂದೇ ನೀಲಿ. ಚೌಕಗಳನ್ನು ಒತ್ತಿ ಒಳಗಿನ ಅಂಕಿಗಳನ್ನು ಓದಿದಳು. ಅಂಕಿಗಳಿಗೆ ಅಜಗಜಾಂತರ.

ಹಾಗಾದರೆ ಅವಳಿ ಎಂದು ಬಗೆದು ಅಳಿಸಿದ್ದು ಅವಳೇ. ಹದಿನಾಲ್ಕು ಚಿತ್ರಗಳ ಕಾಲರುಗಳಿಗೆ ಮೈಯ ನೀಲಿಯನ್ನು ತುಂಬಿದ್ದೂ ಅವಳೇ. ಬುತ್ತಿಯನ್ನು ಬಿಚ್ಚದೆ ಕುಳಿತಳು. ಹಳೆಯ ಪ್ರತಿಯಿರುವುದು ಬೇರಾರಿಗೂ ಗೊತ್ತಿರಲಿಲ್ಲ. ಒಂದು ಗುಂಡಿ ಒತ್ತಿದ್ದರೆ ಅದೂ ಇಲ್ಲವಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕುಗ್ಗಿಸಿದ್ದು, ತನ್ನ ಕಣ್ಣಿನ ಮಾತನ್ನು ಇನ್ನು ತಾನೇ ನಂಬುವಂತಿಲ್ಲ ಎಂಬುದು. ಬಣ್ಣ ಕಾಣದ ಬಣ್ಣದಕ್ಕನಿಗೆ ಈ ಕೋಣೆಯಲ್ಲಿ ಏನು ಕೆಲಸ?

ಎದ್ದು ಮ್ಯಾನೇಜರ ಬಾಗಿಲಿಗೆ ಹೋದಳು. "ಅವನನ್ನೂ ಕರೆಸಿ. ಅವನ ಎದುರೇ ಹೇಳಬೇಕು."

ಮೈದುನ ಬಂದ ಮೇಲೆ, ಕುಳಿತುಕೊಳ್ಳದೆ, ದನಿ ತಗ್ಗಿಸದೆ ಹೇಳಿದಳು: "ಅಳಿಸಿದ್ದು ನಾನು. ಎರಡು ನೀಲಿ ನನ್ನ ಕಣ್ಣಿಗೆ ಒಂದೇ ಕಾಣ್ತಿದೆ. ಬೆಳಗ್ಗೆ ಇವನ ಮೇಲೆ ಹೇಳಿದ್ದು ಸುಳ್ಳು."

ಮ್ಯಾನೇಜರು ಪೆನ್ನಿನ ಮುಚ್ಚಳವನ್ನು ತೆಗೆದರು, ಹಾಕಿದರು. "ಬಟ್ಟೆ ಅವರ ಶೆಡ್ಡಲ್ಲೇ ಇರಲಿ," ಎಂದರು ಕೊನೆಗೆ. ಅವಳ ವಿಷಯ ಎತ್ತಲಿಲ್ಲ.

ಹೊರಗೆ ಬಂದು ಮೈದುನ ಕೇಳಿದ: "ಎಷ್ಟು ದಿನದಿಂದ ಹೀಗೆ, ಅತ್ತಿಗೆ? ಅಣ್ಣನಿಗೆ ಗೊತ್ತಾ?"

"ಗೊತ್ತಿದ್ರೆ ಸುಮ್ಮನಿರ್ತಿದ್ರಾ ನಿಮ್ಮಣ್ಣ? ಊರಿಗೆಲ್ಲ ಡಂಗುರ ಹೊಡೀತಿದ್ರು."

"ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ಇವತ್ತು ಮಾತ್ರ ನಿಮ್ಮ ಮೇಲೆ ಕೋಪ ಇದೆ."

"ಇರಲಿ. ನ್ಯಾಯವೇ."

ಸಂಜೆಯವರೆಗೆ ಡಿಸೈನರು ಹದಿನಾಲ್ಕು ಕಾಲರುಗಳಿಗೂ ಮೂವತ್ತೆಂಟನೆಯ ನೀಲಿಯನ್ನು ಮರಳಿ ತುಂಬಿದಳು. ಬಣ್ಣದಕ್ಕ ಪಕ್ಕದ ಕುರ್ಚಿಯಲ್ಲಿ ಕುಳಿತು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದಳು, ಒಂದೂ ತಪ್ಪಲಿಲ್ಲ.

"ಈಗ ಸರಿ ಕಾಣ್ತಿದೆ ಅಲ್ವಾ, ಅಕ್ಕ?"

"ನನ್ನನ್ನ ಕೇಳಬೇಡ. ನೀನು ನೋಡು."

ಡಿಸೈನರು ನೋಡಿದಳು. ಪಟ್ಟಿಯ ಅಡಿಯಲ್ಲಿ, ಪರಿಶೀಲಿಸಿದವರು ಎಂಬಲ್ಲಿ, ಅಕ್ಕನ ಹೆಸರನ್ನು ಬೆರಳಚ್ಚಿಸತೊಡಗಿದಳು. ಬಣ್ಣದಕ್ಕ ಅವಳ ಕೈ ತಡೆದಳು.

"ನೋಡಿದ್ದು ಯಾರು? ನಿನ್ನ ಹೆಸರು ಹಾಕು," ಎಂದಳು.