ಹೊಸ್ತಿಲಲ್ಲಿ ನಾಲ್ಕು ಉಸಿರು

ಯಾವ ಕಾರ್ಖಾನೆಯ ನಾತ ಯಾವ ಬೀದಿಗೆ ಎಷ್ಟು ಹೊಡೆಯುತ್ತದೆ ಎಂದು ಮೂಸಿ ಬರೆಯುವುದೇ ರಾಯರ ಉದ್ಯೋಗ. ಮಾಲಿನ್ಯ ನಿಯಂತ್ರಣ ಕಚೇರಿಯಲ್ಲಿ ಎಲ್ಲರಿಗೂ ಅವರು ಮೂಗುರಾಯರು. ಸೊನ್ನೆಯಿಂದ ಆರರವರೆಗೆ ಅವರ ಅಂಕಿ: ವಾಸನೆಯೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದ ನಾತಕ್ಕೆ ಆರು. ತೊಗಲು ಹದ ಮಾಡುವ ಕಾರ್ಖಾನೆಯ ಬೇಲಿಯಾಚೆ, ಗಾಳಿ ಮುಖಕ್ಕೇ ಬೀಸುವಂತೆ ನಿಂತು, ಹತ್ತು ಸೆಕೆಂಡಿಗೊಮ್ಮೆ ಮಾತ್ರ ಮಾಸ್ಕ್ ಸರಿಸಿ ಮೂಸುತ್ತಾ ಹತ್ತು ನಿಮಿಷ ಬರೆಯುತ್ತಾರೆ. ದೂರು ಕೊಟ್ಟ ಅಜ್ಜಿ ಮೂಗು ಮುಚ್ಚಿಕೊಂಡು "ಗಬ್ಬು ನಾತ ಕಣಪ್ಪಾ!" ಎಂದರೆ, "ಗಬ್ಬು ಅನ್ನಬೇಡಿ ಅಜ್ಜಿ, ಐದು ಅನ್ನಿ" ಎಂದು ತಿದ್ದುತ್ತಾರೆ. ಈ ಮೂಗಿಗಾಗಿ ಈರುಳ್ಳಿ ಬಿಟ್ಟರು, ಘಮಘಮಿಸುವ ಸೋಪು ಬಿಟ್ಟರು. ನೆಗಡಿಯಾದ ಭಾವಮೈದ ಬಂದರೆ ಕಿಟಕಿಯಲ್ಲೇ ಮಾತಾಡಿಸಿ ಸಾಗಹಾಕುತ್ತಾರೆ. "ನಮಗೇನೂ ವಾಸನೆ ಬರ್ತಿಲ್ವಲ್ಲ ಸಾರ್" ಎಂದು ಕಾರ್ಖಾನೆಯ ಮ್ಯಾನೇಜರ್ ರಾಗ ಎಳೆದರೆ ರಾಯರಿಗೆ ಕೋಪವಿಲ್ಲ. "ಬರಲ್ಲ ಸ್ವಾಮಿ. ಅಲ್ಲೇ ಇರೋರ ಮೂಗಿಗೆ ನಾಲ್ಕೇ ಉಸಿರಲ್ಲಿ ರೂಢಿಯಾಗಿಬಿಡುತ್ತೆ. ಆಮೇಲೆ ನಾತಾನೂ ಇಲ್ಲ, ಘಮಾನೂ ಇಲ್ಲ." ಅದಕ್ಕೇ, ವಾರದ ತಿರುಗಾಟ ಮುಗಿಸಿ ಮನೆಗೆ ಬಂದಾಗ ಅವರು ನೇರ ಒಳಗೆ ಹೋಗುವುದಿಲ್ಲ. ಚಪ್ಪಲಿ ಬಿಟ್ಟು, ಹೊಸ್ತಿಲಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಇಸ್ತ್ರಿ ಮಾಡಿದ ಬಟ್ಟೆ, ಹಳೆಯ ಪುಸ್ತಕ, ಹೆಂಡತಿ ಮಂಡಿಗೆ ಹಚ್ಚುವ ಎಣ್ಣೆ, ಎಲ್ಲ ಸೇರಿದ ತಮ್ಮ ಮನೆಯ ವಾಸನೆ. ಐದನೆಯ ಉಸಿರಿಗೆ ಮಾಯ. ಅದಕ್ಕೆ ಅವರು ಇಂದಿಗೂ ಅಂಕಿ ಕೊಟ್ಟಿಲ್ಲ. "ಬಾಗಿಲಲ್ಲೇ ಬೇರು ಬಿಟ್ರಾ?" ಎಂದು ಹೆಂಡತಿ ಗದರುತ್ತಾರೆ. ಒಂದು ಕಿಟಕಿ ಮುಚ್ಚಿದ್ದರೂ ಉಸಿರು ಕಟ್ಟುತ್ತದೆ ಎನ್ನುವ ಆಕೆ, ಗಂಡ ಬರುವ ದಿನ ಮಾತ್ರ ಮಧ್ಯಾಹ್ನದಿಂದಲೇ ಎಲ್ಲ ಕಿಟಕಿಗಳನ್ನೂ ಭದ್ರವಾಗಿ ಮುಚ್ಚಿ, ಸೆಕೆಯಲ್ಲಿ ಬೆವರೊರೆಸಿಕೊಳ್ಳುತ್ತಾ ಕಾಯುತ್ತಿರುತ್ತಾರೆ.