ವಾಸುಮಾವನ ಚೇತಕ್

ಆಗೆಲ್ಲ ಚೌತಿ ಹತ್ತಿರ ಬಂತೆಂದರೆ ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ಕೆಮಿಕಲ್ ಘಾಟನ್ನೂ ಮೀರಿ ನಮ್ಮ ಬಿಲ್ಡಿಂಗಿನಲ್ಲಿ ಗೋಂದಿನ ವಾಸನೆ, ಪಂಚಕಜ್ಜಾಯಕ್ಕೆ ಹುರಿಯುವ ಎಳ್ಳಿನ ಪರಿಮಳ ತುಂಬುತ್ತಿತ್ತು. ಗಣಪತಿ ಕೂರುತ್ತಿದ್ದುದು ನಮ್ಮ ಮನೆಯಲ್ಲಿ. ಅಲಂಕಾರ ಮಾತ್ರ ಬಿಲ್ಡಿಂಗಿನ ಮಕ್ಕಳ ಪಾಲು. ಆ ವರ್ಷ ಥರ್ಮಾಕೋಲಿನ ಹೆಲಿಕಾಪ್ಟರೇ ಆಗಬೇಕೆಂದು ನಾವು ಹಟ ಹಿಡಿದದ್ದು ವಾಸುಮಾವನಿಂದಾಗಿ.

ಅಮ್ಮನ ತಮ್ಮ ವಾಸುಮಾವ ವಾಯುಪಡೆಯಲ್ಲಿ ಚೇತಕ್ ಹೆಲಿಕಾಪ್ಟರಿನ ಮೆಕ್ಯಾನಿಕ್ ಆಗಿದ್ದವರು. ಅತ್ತೆ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದು, ಒಳಕೋಣೆ ಸೇರಿ, ಮಾತೇ ಬಿಟ್ಟಿದ್ದರು. ಅಪ್ಪ ತಮ್ಮ ಹೋಟೆಲಿನಿಂದ ಬಿಸಿ ಗೋಳಿಬಜೆ ತಂದರೂ ಮುಟ್ಟುತ್ತಿರಲಿಲ್ಲ. ಈ ಹಬ್ಬಕ್ಕಾದರೂ ಅವನು ನಾಲ್ಕು ಜನರ ನಡುವೆ ಕೂತರೆ ಸಾಕಪ್ಪ ಎಂದು ಅಮ್ಮ ಗಣಪತಿಗೆ ಹರಕೆ ಹೊತ್ತಿದ್ದಳು.

ನಾವು ನಾಲ್ಕು ರೆಕ್ಕೆ ಅಂಟಿಸಿ, ಎರಡೂ ಬದಿಗೆ ದೀಪಾವಳಿಯ ರಾಕೆಟ್ ಕಟ್ಟಿ ಬೀಗುತ್ತಿದ್ದಾಗ ಮಾವ ಬಾಗಿಲಿಗೆ ಬಂದರು. "ಚೇತಕ್‌ಗೆ ರೆಕ್ಕೆ ಮೂರೇ ಇರುದು," ಎಂದರು. ಸಂಜೆಯೊಳಗೆ ಅವರೇ ನೆಲದ ಮೇಲೆ ಕೂತು ರೆಕ್ಕೆಗೆಂದು ಮರದ ಅಡಿಕೋಲು ಕೊಯ್ಯುತ್ತಿದ್ದರು. ಕೆಲವು ಚೇತಕ್‌ಗಳಿಗೆ ಆಯುಧ ಕಟ್ಟಿದ್ದೂ ಉಂಟಂತೆ. ಆದರೆ ಬಾಂಗ್ಲಾ ಯುದ್ಧದಲ್ಲಿ ಮಾವನ ಹೆಲಿಕಾಪ್ಟರ್ ಹೋಗುವಾಗ ಔಷಧಿ, ಮದ್ದುಗುಂಡು ಒಯ್ದು, ಬರುವಾಗ ಗಾಯಾಳುಗಳನ್ನು ತರುತ್ತಿತ್ತಂತೆ. ಯುದ್ಧ ಮುಗಿದ ಮೇಲೆ ನೆರೆ ಬಂದಲ್ಲಿ ಅಕ್ಕಿ ಇಳಿಸಲಿಕ್ಕೂ ಅದೇ. ನಮ್ಮ ರಾಕೆಟ್ಟುಗಳನ್ನು ಬಿಚ್ಚಿ ಐಸ್‌ಕ್ರೀಮ್ ಕಡ್ಡಿಯ ಸ್ಟ್ರೆಚರ್ ಕೂರಿಸಿದರು. ರೆಕ್ಕೆ ತಿರುಗಿಸಲು ಹೋಟೆಲಿನ ಹಳೆಯ ಟೇಬಲ್ ಫ್ಯಾನಿನ ಮೋಟಾರು ಬಂತು.

ಚೌತಿಯ ದಿನ ಆರತಿ ಶುರುವಾಗುತ್ತಲೇ ನಾನು ಸ್ವಿಚ್ ಒತ್ತಿದೆ. ಅಬ್ಬಾ, ಅದೆಂಥ ಗಾಳಿ! ಗರಿಕೆ ಹಾರಿತು, ದೇವರ ಮುಂದಿನ ನಂದಾದೀಪ ಆರಿಯೇಹೋಯಿತು. ಜಾಗಟೆ ನಿಂತಿತು. ಮೇಲಿನ ಮನೆಯ ಧಾರವಾಡದ ಕಾಕು ಮುಖ ಗಂಟಿಕ್ಕಿದರು. "ದೇವರ ದೀಪ ಆರಬಾರದ್ರಿ. ಯುದ್ಧದ ಸಾಮಾನು ಮನ್ಯಾಗ ಯಾಕ? ಮೊದಲ ತಗೀರಿ."

ಮಾವ ಎದ್ದು ಒಳಕೋಣೆಯತ್ತ ನಡೆದರು. ಅಮ್ಮನ ಮುಖ ನೋಡಲಾಗದೆ ನನಗೆ ಅಳುವೇ ಬಂತು. ಬಾಗಿಲ ಬಳಿ ಮಾವ ನಿಂತು ತಿರುಗಿದರು.

"ನಿಜವಾದ್ದು ಇಳಿಯುವಾಗಲೂ ದೀಪ ಆರ್ತಿತ್ತು, ಅಕ್ಕ. ಮುಸ್ಸಂಜೆಗೆ ಡೇರೆಯಲ್ಲಿ ಗಾಯ ಆದವರು ಮಲಗಿರ್ತಿದ್ರು, ನಮ್ಮ ಗಾಳಿಗೆ ಸ್ಟೋವು, ದೀಪ ಎಲ್ಲ ನಂದಿಹೋಗ್ತಿತ್ತು. ಒಬ್ಬನೂ ಬೈದದ್ದಿಲ್ಲ. ದೀಪ ಆರಿತು ಅಂದ್ರೆ ಅವರಿಗೆ, ಸಹಾಯ ಬಂತು ಅಂತ."

ಕಾಕು ಕಡ್ಡಿಪೆಟ್ಟಿಗೆ ತಂದು ಮಾವನ ಕೈಗಿಟ್ಟರು. "ಹಂಗಾದ್ರ ನೀವ ಹಚ್ರಿ, ಅಣ್ಣಾ." ದೀಪ ಹಚ್ಚಿದ ಮಾವ ಒಳಗೆ ಹೋಗಲಿಲ್ಲ. ಜಾಗಟೆ ಎತ್ತಿಕೊಂಡು ತಾಳತಪ್ಪಿ ಬಡಿದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಈಗ ಆ ಬಿಲ್ಡಿಂಗ್ ಕೆಡವಿ ಟವರ್ ಎಬ್ಬಿಸಿದ್ದಾರೆ. ಮಾವ ಇಲ್ಲ, ಕಾಕು ಇಲ್ಲ, ಚೇತಕ್‌ಗಳಿಗೂ ವಯಸ್ಸಾಯಿತು. ಅಲಂಕಾರವನ್ನು ರೆಡಿಮೇಡ್ ತರುತ್ತೇವೆ, ಗೋಂದಿನ ವಾಸನೆಯೇ ಇಲ್ಲ. ಈ ಕತೆಯನ್ನು ಮಾತ್ರ ಪ್ರತಿ ಚೌತಿಗೂ ಮಗಳಿಗೆ ಹೇಳುತ್ತೇನೆ. ಕೇಳಿಸಿಕೊಂಡಳೋ ಇಲ್ಲವೋ ದೇವರಿಗೇ ಗೊತ್ತು ಅಂದುಕೊಂಡಿದ್ದೆ. ಹೋದ ಸಲ ಕೋಪರಖೈರಣೆಯ ನಮ್ಮ ಫ್ಲ್ಯಾಟಿನಲ್ಲಿ ಫ್ಯಾನಿನ ಗಾಳಿಗೆ ದೀಪ ಆರಿತು. ನೆಂಟರು ಅಯ್ಯೋ ಎನ್ನುವಷ್ಟರಲ್ಲಿ, ಹಿಂದಿ ಬಿಟ್ಟು ಬೇರೆ ಮಾತಾಡದ ಆ ಹುಡುಗಿ ಕಡ್ಡಿಪೆಟ್ಟಿಗೆ ಹಿಡಿದು ಓಡಿಬಂದಳು.

"ಡರೋ ಮತ್," ಎಂದು ನೆಂಟರಿಗೆ ಧೈರ್ಯ ಹೇಳಿದಳು. "ಸಹಾಯ ಬಂತು."