ಸಿಸ್ಟರ್ ಕೇಳಿಸಿಕೊಂಡ ಸದ್ದು

ಸಿಸ್ಟರ್ ಅವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ತುದಿ ಚಪ್ಪಟೆ, ಚರ್ಮ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ಇಪ್ಪತ್ತೆಂಟು ವರ್ಷ ಸಿರಿಂಜು ಒತ್ತಿ ಒತ್ತಿ ಹಾಗಾದದ್ದು ಎಂದು ಅವರೇ ಹೇಳುತ್ತಿದ್ದರು.

ಮುಂಬೈಯ ಭಾಂಡುಪ್‌ನಲ್ಲಿ ನನ್ನ ಎದುರು ಬಾಗಿಲು ಅವರದು. ಗದಗಿನ ಕಡೆಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಆ ಬಿಲ್ಡಿಂಗಿಗೆ ಬರುವ ಹೊತ್ತಿಗೆ ಆಸ್ಪತ್ರೆ ಬಿಟ್ಟು, ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುತ್ತಿದ್ದರು. ಮರಾಠಿಯವರಿಗೂ ಗುಜರಾತಿಯವರಿಗೂ ಅವರು ಸಿಸ್ಟರ್. ನನಗೂ ಅದೇ ಅಭ್ಯಾಸವಾಯಿತು.

ಅವರದೊಂದು ರೂಢಿಯಿತ್ತು. ಔಷಧದ ಬಾಟಲಿ ಕೈಗೆತ್ತಿಕೊಂಡಾಗ ಒಮ್ಮೆ, ಸಿರಿಂಜಿಗೆ ತುಂಬುವಾಗ ಒಮ್ಮೆ, ಚುಚ್ಚುವ ಮುಂಚೆ ಇನ್ನೊಮ್ಮೆ, ಹೀಗೆ ಮೂರು ಸಲ ಅದರ ಹೆಸರನ್ನೂ ಪ್ರಮಾಣವನ್ನೂ ಗಟ್ಟಿಯಾಗಿ ಓದುತ್ತಿದ್ದರು. ಆಗ ಯಾರಾದರೂ ಮಾತಾಡಿಸಿದರೆ ಎಡಗೈ ಎತ್ತಿ ತಡೆಯುತ್ತಿದ್ದರು. ಮಗುವಿನ ಕೆಮ್ಮಿನ ಸಿರಪ್ಪಿಗೂ ಅದೇ ಮೂರು ಓದು. ಮಕ್ಕಳು ಅದನ್ನು ಅಣಕಿಸಿದರೆ ತಾವೂ ನಗುತ್ತಿದ್ದರು, ಆದರೆ ಬಿಡುತ್ತಿರಲಿಲ್ಲ.

ನಾನು ಕಾಂದಿವಲಿಯ ಒಂದು ಸಣ್ಣ ಕಂಪನಿಯಲ್ಲಿ ಡಿಸೈನ್ ಎಂಜಿನಿಯರ್. ಸಕ್ಕರೆ ಕಾಯಿಲೆಯವರು ತಾವೇ ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ನು ನನ್ನ ಮೊದಲ ಸ್ವತಂತ್ರ ಕೆಲಸ. ಹಿಂಬದಿಯ ಗುಂಡಿ ತಿರುಗಿಸಿದರೆ ಒಂದೊಂದು ಯೂನಿಟ್ಟಿಗೆ ಒಂದೊಂದು ಟಿಕ್. ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಿ ಚುಚ್ಚಿಕೊಳ್ಳಬೇಕು. ಹೆಚ್ಚಾದರೆ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರಾಯಿತು. ಮಾದರಿ ತಯಾರಾದ ದಿನ ಮನೆಗೆ ತಂದು, ಮೊದಲು ಸಿಸ್ಟರ್ ಕೈಗೆ ಕೊಟ್ಟೆ. ಹೊಗಳಿಸಿಕೊಳ್ಳುವ ಆಸೆ.

ಅವರು ಹೊಗಳಲಿಲ್ಲ. ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ಒದ್ದೆ ಮಾಡಿಕೊಂಡರು. ಕನ್ನಡಕ ತೆಗೆದಿಟ್ಟರು. ಪೆನ್ನನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾ, "ನಿಮ್ಮ ಊರಾಗ ಈಗ ಮಳಿ ಹೆಂಗೈತಿ? ಅಮ್ಮ ಫೋನ್ ಮಾಡಿದ್ರೇನು?" ಎಂದು ಕೇಳತೊಡಗಿದರು. ನಾನು ಉತ್ತರಿಸುತ್ತಿದ್ದಂತೆ ಕೈ ನಿಲ್ಲಿಸಿ ನನಗೇ ತೋರಿಸಿದರು.

"ಹನ್ನೆರಡು ಇಡಾಕ ಹೋಗಿದ್ದೆ. ಎಷ್ಟೈತಿ ನೋಡು."

ಪೆನ್ನಿನ ಅಂಕಿ ಕಾಣುವ ಪುಟ್ಟ ಕಿಟಕಿಯಲ್ಲಿ ಎಂಟು ಎಂದಿತ್ತು.

"ಮುಂದ ಹೋದ್ರೂ ಅದ ಸಪ್ಪಳ, ಹಿಂದ ಬಂದ್ರೂ ಅದ ಸಪ್ಪಳ. ನಡುವ ಕೈ ಹಿಂದಕ್ಕ ಜಾರಿತು. ಕಿವಿ ಮಾತ್ರ ಎಣಿಸ್ಕೋತ ಹೋತು."

"ಆದ್ರೆ ಅಂಕಿ ಕಾಣ್ತದಲ್ಲ ಸಿಸ್ಟರ್!"

"ಕಣ್ಣಿದ್ದವರಿಗೆ ಕಾಣ್ತೈತಿ. ಸಕ್ಕರಿ ರೋಗ ಕಣ್ಣು ತಿಂತೈತಿ ಅನ್ನೋದು ಗೊತ್ತಿಲ್ಲೇನು ನಿನಗ?"

ನನಗೆ ಮುಖಭಂಗವಾಗಿತ್ತು. "ಪೆನ್ನಿನ ಜೊತೆ ಸೂಚನೆಯ ಚೀಟಿ ಇರ್ತದೆ. ಅದನ್ನು ಸರಿಯಾಗಿ ಓದಿ, ಗಮನ ಕೊಟ್ಟರೆ ತಪ್ಪು ಹೇಗಾಗ್ತದೆ?" ಎಂದುಬಿಟ್ಟೆ.

ಸಿಸ್ಟರ್ ಪೆನ್ನನ್ನು ಕೆಳಗಿಟ್ಟರು. ಆಮೇಲೆ, ಆವರೆಗೆ ಬಿಲ್ಡಿಂಗಿನಲ್ಲಿ ಯಾರಿಗೂ ಹೇಳದಿದ್ದುದನ್ನು ಹೇಳಿದರು.

ಅವರಿದ್ದ ನರ್ಸಿಂಗ್ ಹೋಮಿನಲ್ಲಿ ಒಂದು ಮಳೆಗಾಲದ ದಿನ ಲೋಕಲ್ ರೈಲು ನಿಂತು ಇಬ್ಬರು ನರ್ಸುಗಳು ಬಂದಿರಲಿಲ್ಲ. ಹಿಂದಿನ ಪಾಳಿಯ ಮೇಲೆ ಇನ್ನೊಂದು ಪಾಳಿ, ಎರಡು ವಾರ್ಡು, ಇವರೊಬ್ಬರೇ. ಅಲ್ಲಿ ಸದಾ ಬರುತ್ತಿದ್ದುದು ನಲವತ್ತರ ಇನ್ಸುಲಿನ್, ಎಂದರೆ ಮಿಲಿಲೀಟರಿಗೆ ನಲವತ್ತು ಯೂನಿಟ್ಟಿನದು, ಸಿರಿಂಜೂ ಅದಕ್ಕೆ ತಕ್ಕದ್ದು. ಅವತ್ತು ಟ್ರೇಯಲ್ಲಿ ನೂರರ ಬಾಟಲಿಯಿತ್ತು, ಎರಡೂವರೆ ಪಟ್ಟು ಗಾಢವಾದದ್ದು. ಹಳೆಯ ಸಿರಿಂಜಿನಲ್ಲಿ ಇಪ್ಪತ್ತರ ಗೆರೆವರೆಗೆ ತುಂಬಿ ಒಬ್ಬ ಅಜ್ಜನಿಗೆ ಚುಚ್ಚಿದರು. ಬಾಟಲಿ ಫ್ರಿಜ್ಜಿಗೆ ಇಡುವಾಗ ಲೇಬಲ್ ಕಣ್ಣಿಗೆ ಬಿತ್ತು. ಅಜ್ಜನ ಮೈಗೆ ಐವತ್ತು ಯೂನಿಟ್ ಹೋಗಿತ್ತು.

"ಓಡಿ ಹೋಗಿ ಡಾಕ್ಟರಿಗೆ ಹೇಳಿದೆ, ನಾನ ತಪ್ಪು ಕೊಟ್ಟೀನಿ ಸರ್ ಅಂತ. ಗ್ಲೂಕೋಸ್ ಹಚ್ಚಿದ್ರು. ಸಂಜೀತನಕ ಅವನ ಕೈ ಹಿಡಕೊಂಡು ಕುಂತಿದ್ದೆ. ಉಳಕೊಂಡ."

ಅಜ್ಜ ಊಟ ಬಿಟ್ಟಿದ್ದರಿಂದ ಸಕ್ಕರೆ ಇಳಿಯಿತು ಎಂದು ಬರೆಯಲು ಮೇಲಿನವರು ಹೇಳಿದರಂತೆ. ಸಿಸ್ಟರ್ ನಡೆದದ್ದನ್ನೇ ಬರೆದು ಸಹಿ ಹಾಕಿದರು. ಆ ವಾರವೇ ಕೆಲಸ ಹೋಯಿತು.

"ನಾ ಓದಾಕ ಬರದಾಕಿ ಅಲ್ಲ, ಗಮನ ಇಲ್ಲದಾಕಿನೂ ಅಲ್ಲ. ದಣಿದಿದ್ದೆ. ಮನಷ್ಯಾ ದಣೀತಾನ ತಂಗಿ. ದಣಿದವನ ಕೈಯಾಗೂ ತಪ್ಪದಂಥಾದ್ದು ಮಾಡು."

ಮರುದಿನ ಕಂಪನಿಯ ಸಾಹೇಬರ ಮುಂದೆ ವಿಷಯ ಇಟ್ಟೆ. ಪೆನ್ನಿನ ಅಚ್ಚು ತಯಾರಿಸಲು ಕೊಟ್ಟಾಗಿತ್ತು. ಈಗ ಬದಲಾಯಿಸಿದರೆ ತಿಂಗಳುಗಟ್ಟಲೆ ತಡ. "ನಿಮ್ಮ ಪಕ್ಕದ ಮನೆಯವರಿಗಾಗಿ ಕಂಪನಿ ನಿಲ್ಲಿಸಲಾ?" ಎಂದರು. ಮನೆಗೆ ಬಂದು ಅತ್ತೆ. ಸಿಸ್ಟರ್ ಸಮಾಧಾನ ಮಾಡಲಿಲ್ಲ. ಕಾಂದಿವಲಿ ಸ್ಟೇಷನ್ನಿನಿಂದ ಯಾವ ಬಸ್ಸು ಎಂದಷ್ಟೇ ಕೇಳಿದರು.

ಎರಡು ದಿನ ಬಿಟ್ಟು, ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ದಾದರಿನಲ್ಲಿ ಗಾಡಿ ಬದಲಿಸಿ ನಮ್ಮ ಆಫೀಸಿಗೆ ಬಂದರು. ಸಾಹೇಬರ ಎದುರು ಕುಳಿತು ಪೆನ್ನು ಮುಂದಿಟ್ಟರು. "ಸಾಬ್, ಚಷ್ಮಾ ನಿಕಾಲೋ" ಎಂದರು. ಅವರ ದನಿಯಲ್ಲಿ ಏನಿತ್ತೋ, ಸಾಹೇಬರು ಕನ್ನಡಕ ತೆಗೆದರು. ಹದಿನೆಂಟು ಇಡಬೇಕು, ಎರಡು ಸಲ ಹಿಂದೆ ಮುಂದೆ ಮಾಡಿ ಇಡಬೇಕು ಎಂದು ಹಿಂದಿಯಲ್ಲಿ ಹೇಳಿ, ನಡುನಡುವೆ ಮಕ್ಕಳು ಏನು ಓದುತ್ತಾರೆ ಎಂದು ವಿಚಾರಿಸಿದರು. ಸಾಹೇಬರು ಇಟ್ಟದ್ದು ಇಪ್ಪತ್ತಾರು. ಕನ್ನಡಕ ಹಾಕಿಕೊಂಡು ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. ಅವರ ತಾಯಿಗೂ ಸಕ್ಕರೆ ಕಾಯಿಲೆಯೆಂದು ನನಗೆ ಆಮೇಲೆ ತಿಳಿಯಿತು. ನನ್ನ ಕಡೆ ತಿರುಗಿ, "ಅಚ್ಚು ನಿಲ್ಲಿಸಲು ಹೇಳಿ" ಎಂದರು.

ಏಳು ತಿಂಗಳು ಹಿಡಿಯಿತು. ಈಗ ಗುಂಡಿ ಹಿಂದಕ್ಕೆ ತಿರುಗಿದರೆ ಟಿಕ್ ಎನ್ನುವುದಿಲ್ಲ, ಸರ್ರ್ ಎಂದು ಒರಟಾಗಿ ಉಜ್ಜಿದ ಸದ್ದು. ಬೆರಳಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಡಾಕ್ಟರು ಗೊತ್ತುಮಾಡಿದ ಮಿತಿಗೆ ಪೆನ್ನಿನ ಮೇಲಿನ ಒಂದು ಬಳೆಯನ್ನು ಬಿಗಿದರೆ ಅದರಾಚೆ ಗುಂಡಿ ತಿರುಗುವುದೇ ಇಲ್ಲ. ಪ್ರತಿ ಮಾದರಿಯನ್ನೂ ಸಿಸ್ಟರ್ ಒದ್ದೆ ಕೈಯಲ್ಲಿ, ಹಿಟ್ಟಿನ ಕೈಯಲ್ಲಿ, ಕಣ್ಣು ಮುಚ್ಚಿಕೊಂಡು ತಿರುಗಿಸಿ ನೋಡಿದರು. ಕೊನೆಯದನ್ನು ವಾಪಸು ಕೊಡುವಾಗ, "ಇದು ನಡೀತೈತಿ" ಎಂದರು. ನಾನು ಅವರಿಂದ ಪಡೆದ ಹೊಗಳಿಕೆ ಅಷ್ಟೇ.

ಹೋದ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಸಕ್ಕರೆಯೂ ಏರಿತು. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿದ್ದಾಗ ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ನರ್ಸ್ ಇನ್ಸುಲಿನ್ ಕೊಡಲು ಬಂದಳು. ಕೈಯಲ್ಲಿದ್ದದ್ದು ನಮ್ಮ ಪೆನ್ನು. ಇದು ನಾವು ಮಾಡಿದ್ದು ಎಂದು ಹೇಳಲು ಬಾಯಿ ತೆರೆದೆ. ಸಿಸ್ಟರ್ ಎಡಗೈ ಎತ್ತಿ ನನ್ನನ್ನು ತಡೆದರು. ಹುಡುಗಿ ಟಿಕ್ ಟಿಕ್ ಎಂದು ತಿರುಗಿಸಿದಳು, ಒಮ್ಮೆ ಸರ್ರ್ ಎಂದು ಗುಂಡಿಯನ್ನು ಹಿಂದಕ್ಕೆ ತಂದಳು, ಅಂಕಿ ನೋಡಿ ಚುಚ್ಚಿದಳು. ಅವಳು ಪೆನ್ನಿಗೆ ಮುಚ್ಚಳ ಹಾಕಿದ ಮೇಲೆಯೇ ಸಿಸ್ಟರ್ ಮಾತಾಡಿದ್ದು. ಪೆನ್ನಿನ ಬಗ್ಗೆ ಒಂದು ಮಾತೂ ಇಲ್ಲ.

"ಖಾನಾ ಖಾಯಾ, ಬೇಟಾ?" ಎಂದು ಕೇಳಿದರು.

ಹುಡುಗಿ ಊಟವಾಗಿಲ್ಲವೆಂದು ತಲೆಯಾಡಿಸಿ ನಕ್ಕಳು. ಇನ್ನೂ ಆರು ಹಾಸಿಗೆ ಬಾಕಿ ಇವೆ ಎಂದಳು. ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಕೆಳಗಿಳಿದು ಕ್ಯಾಂಟೀನಿನಿಂದ ಇಡ್ಲಿ ಕಟ್ಟಿಸಿ ತಂದುಕೊಟ್ಟೆ. ಅವಳು ತಿನ್ನುವುದನ್ನು ಅವರು ಮಲಗಿದಲ್ಲಿಂದಲೇ ನೋಡುತ್ತಿದ್ದರು. ನಾಲ್ಕು ದಿನಗಳ ನಂತರ ತೀರಿಕೊಂಡರು.